ಕುಲುಮೆಯ ಕತ್ತಿ, ಸಂಗ್ರಾಹಕರ ಕಪಾಟು: ದಾಖಲೆಯಿಂದಲೇ ಬೆಲೆ

ಮಾಗಡಿ ತಾಲ್ಲೂಕಿನ ಕುದೂರು ಹೋಬಳಿಯ ರೈತಾಪಿ ಕುಟುಂಬಗಳಿಗೆ ಕುಡುಗೋಲು, ಮಚ್ಚು, ಕೊಡಲಿಗಳು ದಿನಬಳಕೆಯ ಸಲಕರಣೆಗಳು. ರಾಗಿ ಕೊಯ್ಲಿಗೆ ಒಂದು, ಹಿಪ್ಪುನೇರಳೆ ಕಡ್ಡಿ ಕತ್ತರಿಸಲು ಇನ್ನೊಂದು, ಎಳನೀರು ಕೆತ್ತಲು ಮತ್ತೊಂದು. ಇವುಗಳನ್ನು ಕುಲುಮೆಯಲ್ಲಿ ಕಾಯಿಸಿ, ಬಡಿದು, ಹದಗೊಳಿಸುವ ಕಮ್ಮಾರನ ಹೆಸರು ಮಾತ್ರ ಸಾಮಾನ್ಯವಾಗಿ ಅಲಗಿನ ಮೇಲೆ ಇರುವುದಿಲ್ಲ. ಗಿರಾಕಿಯು ಅಲಗಿನ ಉದ್ದವನ್ನೂ ತೂಕವನ್ನೂ ನೋಡಿ ಚೌಕಾಸಿ ಮಾಡುತ್ತಾನೆ. ಕೈಚಳಕಕ್ಕೆ ಪ್ರತ್ಯೇಕ ಬೆಲೆ ದೊರೆಯುವುದು ಅಪರೂಪ.

ಇದೇ ಕೈಗೆಲಸಕ್ಕೆ ಹೊರದೇಶಗಳಲ್ಲಿ ಬೇರೆಯೇ ಮಾರುಕಟ್ಟೆಯಿದೆ. ಅಲ್ಲಿ ಕೈಯಿಂದ ತಯಾರಿಸಿದ ಚಾಕು, ಕತ್ತಿಗಳನ್ನು ನಾಣ್ಯ ಹಾಗೂ ಅಂಚೆಚೀಟಿಗಳಂತೆ ಸಂಗ್ರಹಿಸುವ ಹವ್ಯಾಸಿಗಳಿದ್ದಾರೆ. ಅವರು ಕೇವಲ ಲೋಹವನ್ನು ಕೊಳ್ಳುವುದಿಲ್ಲ. ತಯಾರಕನ ಹೆಸರು, ಉಕ್ಕಿನ ವಿವರ ಮತ್ತು ಛಾಯಾಚಿತ್ರ ಈ ಮೂರೂ ಸೇರಿದ ದಾಖಲೆಯನ್ನು ಕೊಳ್ಳುತ್ತಾರೆ. ನಮ್ಮ ವರ್ತಕರೂ ಸಣ್ಣ ತಯಾರಕರೂ ಗಮನಿಸಬೇಕಾದ ಅಂಶ ಇದೇ.

ಉಕ್ಕಿನ ನಾಡು

ಪ್ರಾಚೀನ ಭಾರತದ ಮೂಸೆ ಉಕ್ಕು ಪಾಶ್ಚಾತ್ಯರಲ್ಲಿ 'ವೂಟ್ಸ್' ಎಂದು ಹೆಸರಾಯಿತು. ಈ ಪದವು ಕನ್ನಡದ 'ಉಕ್ಕು' ಶಬ್ದದಿಂದಲೇ ಬಂದಿರಬೇಕೆಂಬುದು ಹಲವು ವಿದ್ವಾಂಸರ ಅಭಿಪ್ರಾಯ. 1800-01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್, 1807ರಲ್ಲಿ ಪ್ರಕಟವಾದ ತಮ್ಮ ಪ್ರವಾಸ ವರದಿಯಲ್ಲಿ ಇಲ್ಲಿನ ಕಬ್ಬಿಣ ಮತ್ತು ಉಕ್ಕಿನ ಕುಲುಮೆಗಳನ್ನು ವಿವರವಾಗಿ ದಾಖಲಿಸಿದ್ದಾರೆ. ಆದರೆ ಅಂದು ಆ ಉಕ್ಕನ್ನು ಕಾಸಿದವರ ಗುರುತು ನಮ್ಮಲ್ಲಿ ಉಳಿಯಲಿಲ್ಲ.

ಕರ್ನಾಟಕದಲ್ಲಿ ಸಂಗ್ರಾಹಕರ ಗಮನ ಸೆಳೆದಿರುವ ಕತ್ತಿಗಳೆಂದರೆ ಕೊಡಗಿನ ಪೀಚೆಕತ್ತಿ ಮತ್ತು ಒಡಿಕತ್ತಿ. ಕುಪ್ಯ ಧರಿಸಿ ಚೇಲೆ ಕಟ್ಟಿದ ಕೊಡವ ಪುರುಷನ ಸೊಂಟದಲ್ಲಿ ಬೆಳ್ಳಿಯ ಅಲಂಕಾರವುಳ್ಳ ಪೀಚೆಕತ್ತಿ ಶೋಭಿಸುತ್ತದೆ. ಅಗಲವಾದ ಬಾಗಿದ ಅಲಗಿನ ಒಡಿಕತ್ತಿಯನ್ನು ಬೆನ್ನ ಹಿಂದೆ 'ತೋಡಂಗ್' ಎಂಬ ಲೋಹದ ಕೊಂಡಿಗೆ ಸಿಕ್ಕಿಸಲಾಗುತ್ತದೆ. ಸಮಾರಂಭಗಳಲ್ಲಿ ಇಂದಿಗೂ ಬಳಕೆಯಲ್ಲಿರುವುದರಿಂದ ಈ ಕಸುಬು ಉಳಿದುಕೊಂಡಿದೆ. ಬಳಕೆಯೊಂದಿಗೆ ಗುರುತೂ ಸೇರಿದಾಗ ಕಸುಬಿಗೆ ಬೆಲೆ ಬರುತ್ತದೆ ಎಂಬುದಕ್ಕೆ ಇದು ಮನೆಯ ನಿದರ್ಶನ.

ಹೆಸರಿಗೆ ಬೆಲೆ ಬಂದ ಬಗೆ

ಅಮೆರಿಕದಲ್ಲಿ 1970ರಲ್ಲಿ ಚಾಕು ತಯಾರಕರ ಸಂಘವೊಂದು ಸ್ಥಾಪನೆಯಾಯಿತು. 1973ರ ಪ್ರದರ್ಶನದಲ್ಲಿ ಬಿಲ್ ಮೊರಾನ್ ಎಂಬ ಕಮ್ಮಾರರು, ಪದರ ಪದರವಾಗಿ ಬೆಸೆದು ಅಲೆಯಂತಹ ವಿನ್ಯಾಸ ಮೂಡಿಸಿದ ಡಮಾಸ್ಕಸ್ ಉಕ್ಕಿನ ಚಾಕುಗಳನ್ನು ಮುಂದಿಟ್ಟು ಆ ಕಲೆಗೆ ಮರುಜೀವ ನೀಡಿದರು. 1976ರಲ್ಲಿ ಅಮೆರಿಕನ್ ಬ್ಲೇಡ್‌ಸ್ಮಿತ್ ಸೊಸೈಟಿ ರಚನೆಯಾಯಿತು. ಈ ಸಂಸ್ಥೆಯಿಂದ ಪದವಿ ಬಯಸುವವನು ತಾನು ತಯಾರಿಸಿದ ಚಾಕುವಿನಿಂದ ತೂಗುಬಿಟ್ಟ ಹಗ್ಗವನ್ನು ಒಂದೇ ಏಟಿಗೆ ಕತ್ತರಿಸಬೇಕು; ಮರದ ತುಂಡನ್ನು ಕಡಿಯಬೇಕು; ಆ ಬಳಿಕವೂ ಅದೇ ಅಲಗು ಕೈಮೇಲಿನ ರೋಮವನ್ನು ಬೋಳಿಸಬೇಕು; ಕೊನೆಗೆ ಅಲಗನ್ನು 90 ಡಿಗ್ರಿ ಬಾಗಿಸಿದರೂ ಅದು ಮುರಿದು ಎರಡು ತುಂಡಾಗಬಾರದು. ಪರೀಕ್ಷೆಯಲ್ಲಿ ಒಂದು ಚಾಕು ಹಾಳಾಗುತ್ತದೆ. ಆದರೆ ತಯಾರಕನ ಮುದ್ರೆಗೆ ಶಾಶ್ವತವಾದ ಮೌಲ್ಯ ಬರುತ್ತದೆ. ಲೆಕ್ಕಪತ್ರದ ಭಾಷೆಯಲ್ಲಿ ಹೇಳುವುದಾದರೆ ಇದೇ ಅವನ ಸುನಾಮ.

ಛಾಯಾಚಿತ್ರವೆಂಬ ಮಾರಾಟಗಾರ

ದೂರದ ಗಿರಾಕಿ ಕತ್ತಿಯನ್ನು ಕೈಯಲ್ಲಿ ಹಿಡಿದು ನೋಡಲಾರನು. ಅವನ ಪಾಲಿಗೆ ಛಾಯಾಚಿತ್ರವೇ ಸರಕಿನ ಮಾದರಿ. ಮೆರುಗು ಕೊಟ್ಟ ಅಲಗು ಕನ್ನಡಿಯಿದ್ದಂತೆ. ನೇರ ಬೆಳಕು ಬಿದ್ದರೆ ಬಿಳಿಯ ಮಚ್ಚೆಯೊಂದೇ ಕಾಣುತ್ತದೆ. ಆದುದರಿಂದ ಬೆಳಕನ್ನು ತೆಳುವಾದ ಬಿಳಿ ಬಟ್ಟೆಯ ಮೂಲಕ ಹಾಯಿಸಬೇಕು, ಇಲ್ಲವೇ ಮೋಡ ಕವಿದ ಹಗಲಿನ ಬೆಳಕನ್ನು ಬಳಸಬೇಕು. ಅಲಗಿನ ಮೇಲಿನ ಬೆರಳಿನ ಗುರುತನ್ನು ಮೊದಲು ಒರೆಸಬೇಕು. ಒಂದೇ ಬಣ್ಣದ ಹಿನ್ನೆಲೆಯಲ್ಲಿ ಅಲಗಿನ ಎರಡೂ ಬದಿ, ಹಿಡಿ, ಒರೆ ಹಾಗೂ ತಯಾರಕನ ಮುದ್ರೆ ಇವುಗಳ ಪ್ರತ್ಯೇಕ ಚಿತ್ರಗಳಿರಬೇಕು. ಪಕ್ಕದಲ್ಲಿ ಅಳತೆಪಟ್ಟಿಯನ್ನು ಇಟ್ಟ ಒಂದು ಚಿತ್ರ ಅವಶ್ಯ. ಇದಕ್ಕೆ ದುಬಾರಿ ಕ್ಯಾಮೆರಾಕ್ಕಿಂತ ತಾಳ್ಮೆಯೇ ಮುಖ್ಯ.

ಚಿತ್ರದೊಂದಿಗೆ ವಹಿಯೂ ಬೇಕು. ಕ್ರಮಸಂಖ್ಯೆ, ತಯಾರಕ, ದಿನಾಂಕ, ಉಕ್ಕು ಎಲ್ಲಿಂದ ಬಂದಿತು (ಹೊಸ ಪಟ್ಟಿಯೋ, ಹಳೆಯ ಲಾರಿ ಸ್ಪ್ರಿಂಗ್ ಪಟ್ಟಿಯೋ), ಅಲಗಿನ ಅಳತೆ, ಹಿಡಿಯ ಮರ, ಕೊಂಡವರ ವಿವರ ಇವುಗಳನ್ನು ಬರೆದಿಟ್ಟರೆ ಅದೇ ಮುಂದೆ ಅಸಲಿತನದ ಸಾಕ್ಷಿಯಾಗುತ್ತದೆ.

ಛಾಯಾಗ್ರಾಹಕರನ್ನು ನೇಮಿಸಿಕೊಳ್ಳುವವರು ಒಂದು ವಿಷಯ ತಿಳಿದಿರಬೇಕು. 1957ರ ಕೃತಿಸ್ವಾಮ್ಯ ಕಾಯಿದೆಯಂತೆ ಚಿತ್ರದ ಮೊದಲ ಒಡೆತನ ಸಾಮಾನ್ಯವಾಗಿ ಛಾಯಾಗ್ರಾಹಕನದು. ಹಣ ಕೊಟ್ಟು ತೆಗೆಸಿದಾಗ, ಬೇರೆ ಒಪ್ಪಂದವಿಲ್ಲದಿದ್ದರೆ, ಅದು ತೆಗೆಸಿದವರದು. ಆದುದರಿಂದ ಒಪ್ಪಂದವನ್ನು ಲಿಖಿತದಲ್ಲಿ ಇರಿಸಿಕೊಳ್ಳುವುದು ಲೇಸು. ಇನ್ನೊಂದು ಎಚ್ಚರಿಕೆ: ಹೊಸ ವಿನ್ಯಾಸವನ್ನು 2000ನೇ ಇಸವಿಯ ವಿನ್ಯಾಸ ಕಾಯಿದೆಯಡಿ ನೋಂದಾಯಿಸುವ ಉದ್ದೇಶವಿದ್ದರೆ, ಅರ್ಜಿ ಸಲ್ಲಿಸುವ ಮೊದಲು ಅದರ ಚಿತ್ರವನ್ನು ಪ್ರಕಟಿಸಕೂಡದು. ಪ್ರಕಟವಾದ ವಿನ್ಯಾಸವು ಹೊಸತೆನಿಸುವುದಿಲ್ಲ. ನೋಂದಣಿಯು 10 ವರ್ಷಗಳ ರಕ್ಷಣೆ ನೀಡುತ್ತದೆ; ಇನ್ನು 5 ವರ್ಷ ವಿಸ್ತರಿಸಬಹುದು.

ಕಾನೂನಿನ ಎಲ್ಲೆ

2016ರ ಶಸ್ತ್ರಾಸ್ತ್ರ ನಿಯಮಗಳಂತೆ 9 ಅಂಗುಲಕ್ಕಿಂತ ಉದ್ದ ಅಥವಾ 2 ಅಂಗುಲಕ್ಕಿಂತ ಅಗಲವಾದ ಅಲಗಿನ ಕತ್ತಿಗಳು ಶಸ್ತ್ರಗಳ ಪಟ್ಟಿಗೆ ಸೇರುತ್ತವೆ. ಗೃಹಬಳಕೆ, ಕೃಷಿ, ವಿಜ್ಞಾನ ಮತ್ತು ಕೈಗಾರಿಕೆಗಾಗಿ ರೂಪಿಸಿದವುಗಳಿಗೆ ಇದು ಅನ್ವಯಿಸುವುದಿಲ್ಲ. ಅಲಂಕಾರದ ಕತ್ತಿ ತಯಾರಿಸುವವರು ಈ ಅಳತೆಯನ್ನು ಮರೆಯಬಾರದು.

ಹಿಡಿಗೆ ಆನೆದಂತವನ್ನಾಗಲಿ ಜಿಂಕೆ, ಕಡವೆಗಳ ಕೊಂಬನ್ನಾಗಲಿ ಬಳಸಲೇಬಾರದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಇವುಗಳ ವ್ಯಾಪಾರವನ್ನು ನಿಷೇಧಿಸಿದೆ. ನೂರು ವರ್ಷ ಮೀರಿದ ಹಳೆಯ ಕತ್ತಿಯು ಪುರಾವಸ್ತುವೆನಿಸಬಹುದು. ಅಂತಹುದನ್ನು ಖಾಸಗಿಯವರು ರಫ್ತು ಮಾಡುವಂತಿಲ್ಲ.

ತೆರಿಗೆಯಲ್ಲಿಯೂ ವ್ಯತ್ಯಾಸವಿದೆ. ಕೈಯಿಂದ ಬಳಸುವ ಕುಡುಗೋಲು, ಕೊಡಲಿಯಂತಹ ಕೃಷಿ ಸಲಕರಣೆಗಳು ಸರಕು ಮತ್ತು ಸೇವಾ ತೆರಿಗೆಯಿಂದ ಮುಕ್ತ. ಆದರೆ ಚಾಕುಗಳ ಮೇಲಿನ ತೆರಿಗೆಯನ್ನು 18 ಜುಲೈ 2022ರಿಂದ ಶೇ. 12ರಿಂದ ಶೇ. 18ಕ್ಕೆ ಏರಿಸಲಾಯಿತು. ಒಂದೇ ಕುಲುಮೆಯಿಂದ ಹೊರಬಂದ ಎರಡು ಸರಕುಗಳಿಗೆ ಎರಡು ದರ! ಬಿಲ್ಲಿನಲ್ಲಿ ಸರಕಿನ ವರ್ಗವನ್ನು ಸರಿಯಾಗಿ ನಮೂದಿಸದಿದ್ದರೆ ತೊಂದರೆ ತಪ್ಪಿದ್ದಲ್ಲ.

ಮಾಡಬಹುದಾದ ಕೆಲಸ

ಕಮ್ಮಾರಿಕೆಯು 17 ಸೆಪ್ಟೆಂಬರ್ 2023ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಒಂದು. ಉಪಕರಣಗಳಿಗಾಗಿ 15,000 ರೂಪಾಯಿಗಳ ನೆರವು ಹಾಗೂ ಎರಡು ಕಂತುಗಳಲ್ಲಿ ಒಟ್ಟು 3 ಲಕ್ಷ ರೂಪಾಯಿಗಳವರೆಗೆ ಶೇ. 5ರ ಬಡ್ಡಿಯ, ಜಾಮೀನುರಹಿತ ಸಾಲ ಈ ಯೋಜನೆಯಲ್ಲಿ ಅಡಕವಾಗಿದೆ. ಅಲಗು ಕುದೂರಿನ ಕುಲುಮೆಯದಾಗಿ, ಹಿಡಿಯು ಅರಗಿನ ಬಣ್ಣಕ್ಕೆ ಹೆಸರಾದ ಚನ್ನಪಟ್ಟಣದ ಕಡೆತದ್ದಾದರೆ, ಅಡುಗೆಮನೆಯ ಚಾಕುವೊಂದು ನಮ್ಮ ಸೀಮೆಯ ಸ್ವಂತ ಸರಕಾಗಬಲ್ಲದು. ವರ್ತಕರು ಈ ಇಬ್ಬರು ಕಸುಬುದಾರರನ್ನು ಕೂಡಿಸಬೇಕು. ಬಂದ ಬೆಲೆಯಲ್ಲಿ ಇಬ್ಬರಿಗೂ ನ್ಯಾಯವಾದ ಪಾಲು ಕೊಡಬೇಕು.

ಇದಕ್ಕೆ ದೊಡ್ಡ ಬಂಡವಾಳ ಬೇಡ. ಅಲಗಿನ ಮೇಲೆ ಕಮ್ಮಾರನ ಮುದ್ರೆ, ಒಂದು ವಹಿ, ಐದಾರು ಸ್ಪಷ್ಟ ಛಾಯಾಚಿತ್ರಗಳು ಇಷ್ಟು ಸಾಕು ಆರಂಭಕ್ಕೆ. ಹಳ್ಳಿಯ ಕುಲುಮೆಗಳಲ್ಲಿ ತಂದೆಯ ಕಸುಬನ್ನು ಮಗನು ಮುಂದುವರಿಸುವನೇ ಎಂಬುದು ಆ ಕಸುಬಿಗೆ ದೊರೆಯುವ ಬೆಲೆಯನ್ನು ಅವಲಂಬಿಸಿದೆ. ಕಬ್ಬಿಣದ ತೂಕಕ್ಕಷ್ಟೇ ಹಣ ಸಿಗುವವರೆಗೆ ಅವನನ್ನು ಕುಲುಮೆಯ ಮುಂದೆ ಕೂರಿಸುವುದು ಕಷ್ಟ.