ನೆಲ ಬಿಟ್ಟರೂ ಉಳಿಯುವ ಶಲ್ಯ

2022ರ ಅಕ್ಟೋಬರ್‌ನಲ್ಲಿ ಇಲಾನ್ ಮಸ್ಕ್ ಅವರು 4,400 ಕೋಟಿ ಡಾಲರ್ ತೆತ್ತು ಟ್ವಿಟರ್ ಸಂಸ್ಥೆಯನ್ನು ಕೊಂಡರು. ಅದರ ಬೆನ್ನಿಗೇ ಲಕ್ಷಾಂತರ ಜನರು ಮ್ಯಾಸ್ಟೊಡಾನ್ ಎಂಬ ಜಾಲದತ್ತ ಮುಖ ಮಾಡಿದರು. ಜರ್ಮನಿಯಲ್ಲಿ 2016ರಲ್ಲಿ ಆರಂಭವಾದ ಈ ಜಾಲಕ್ಕೆ ಒಬ್ಬನೇ ಒಡೆಯನಿಲ್ಲ. ಸಾವಿರಾರು ಸಣ್ಣ ಸರ್ವರ್‌ಗಳನ್ನು ಬೇರೆ ಬೇರೆ ವ್ಯಕ್ತಿಗಳು, ಸಂಘಗಳು ನಡೆಸುತ್ತವೆ. ಒಂದರಲ್ಲಿರುವವರು ಮತ್ತೊಂದರಲ್ಲಿರುವವರೊಡನೆ ಮಾತನಾಡಬಹುದು. ಜಾಹೀರಾತುಗಳ ಹಾವಳಿಯಿಲ್ಲ. ತಾವು ಅನುಸರಿಸುವವರ ಬರಹಗಳು ಕಾಲಕ್ರಮದಲ್ಲಿಯೇ ಕಾಣಿಸುತ್ತವೆ; ಕೆರಳಿಸುವ ಮಾತನ್ನು ಆರಿಸಿ ಮುಂದಿಡುವ ಯಂತ್ರ ಅಲ್ಲಿಲ್ಲ.

ಶ್ರಾವಕರ ದೃಷ್ಟಿಯಿಂದ ಈ ನಡೆ ಯೋಗ್ಯವಾದುದೇ. ಪ್ರಯೋಜನವಿಲ್ಲದೆ ಅಂಟಿಕೊಳ್ಳುವ ಪಾಪದಿಂದ ದೂರವಿರುವುದೇ ಅನರ್ಥದಂಡವಿರತಿ. ಪರರಿಗೆ ಕೇಡು ಬಯಸುವ ಅಪಧ್ಯಾನ, ರಾಗದ್ವೇಷಗಳನ್ನು ಬೆಳೆಸುವ ಮಾತಿಗೆ ಕಿವಿಗೊಡುವ ದುಃಶ್ರುತಿ ಇವೆರಡನ್ನೂ ಆ ವ್ರತವು ನಿಷೇಧಿಸುತ್ತದೆ. ಬೆರಳ ತುದಿಯಲ್ಲಿ ಇಂದು ದಿನವಿಡೀ ನಡೆಯುತ್ತಿರುವುದು ಇವೇ ಅಲ್ಲವೇ? ಕಷಾಯಕ್ಕೆ ನಿಮಿತ್ತವಾಗುವ ಸ್ಥಾನವನ್ನು ತೊರೆಯುವುದು ವಿವೇಕ.

ಆದರೆ ಮುಂದೇನಾಯಿತು? ಕೆಲವೇ ತಿಂಗಳುಗಳಲ್ಲಿ ಹೊಸ ಜಾಲದ ಸಕ್ರಿಯ ಸದಸ್ಯರ ಸಂಖ್ಯೆ ಇಳಿಯಿತು. ವರ್ಷಗಳ ಸ್ನೇಹ, ಉದ್ಯೋಗದ ನಂಟು ಹಳೆಯ ಜಾಲದಲ್ಲಿಯೇ ಉಳಿದಿದ್ದವು, ಅದು ಸಹಜ. ಅನುಯಾಯಿಗಳ ಸಂಖ್ಯೆಯನ್ನಂತೂ ಯಾರೂ ಹೊತ್ತೊಯ್ಯುವಂತಿರಲಿಲ್ಲ. ಆ ಸಂಖ್ಯೆಯ ನಷ್ಟವೇ ಯಾರನ್ನು ಹಿಂದಕ್ಕೆ ಸೆಳೆಯಿತೋ ಅವರ ಬಂಧನ ಜಾಲದ್ದಲ್ಲ, ಮನಸ್ಸಿನದು. ಪರಿಗ್ರಹವೆಂದರೆ ವಸ್ತುವಲ್ಲ, ಮೂರ್ಛೆ ಎಂದು ಉಮಾಸ್ವಾಮಿ ಆಚಾರ್ಯರು ಬೋಧಿಸಿದ್ದು ಇದನ್ನೇ. ಮುಟ್ಟಲು ಬಾರದ ಅಂಕಿಯೂ ಮಮಕಾರವಿದ್ದರೆ ಪರಿಗ್ರಹವೇ.

ಭಗವಾನ್ ಬಾಹುಬಲಿಯವರ ಚರಿತೆಯನ್ನು ನೆನೆಯೋಣ. ಗೆದ್ದ ರಾಜ್ಯವನ್ನು ಅಣ್ಣನಿಗೇ ಬಿಟ್ಟು ಅವರು ವರ್ಷಕಾಲ ಪ್ರತಿಮಾಯೋಗದಲ್ಲಿ ನಿಂತರು. ಮೈಗೆ ಬಳ್ಳಿ ಹಬ್ಬಿತು, ಕಾಲ ಬಳಿ ಹುತ್ತ ಬೆಳೆಯಿತು. ಆದರೂ ತಾವು ನಿಂತ ನೆಲ ಭರತನದು ಎಂಬ ಸೂಕ್ಷ್ಮವಾದ ಎಣಿಕೆ ಶಲ್ಯವಾಗಿ ಉಳಿದಿತ್ತೆಂದು ನಮ್ಮಲ್ಲಿ ಪ್ರಚಲಿತವಾದ ಕಥೆ ಹೇಳುತ್ತದೆ. ಭರತ ಚಕ್ರವರ್ತಿ ಬಂದು ವಂದಿಸಿದಾಗ ಅದು ಕಳಚಿತು, ಕೇವಲಜ್ಞಾನ ಉದಿಸಿತು. ರಾಜ್ಯವನ್ನೇ ತೊರೆದ ಮಹಾತ್ಯಾಗಿಗೂ ಕಡೆಯ ಮುಳ್ಳು ಒಳಗಿತ್ತು.

ಆದ್ದರಿಂದ ದೊಡ್ಡ ಸಂತೆಯನ್ನು ಬಿಟ್ಟು ಸಣ್ಣ ಅಂಗಳಕ್ಕೆ ಹೋಗುವವರು ಹೋಗಲಿ. ಅದೂ ಒಂದು ಪರಿಮಾಣ ವ್ರತವೇ. ಹೋಗುವ ಮುನ್ನ 48 ನಿಮಿಷಗಳ ಒಂದು ಸಾಮಾಯಿಕದಲ್ಲಿ ಕುಳಿತು ತಮ್ಮನ್ನೇ ಕೇಳಿಕೊಳ್ಳಲಿ: ನಾನು ಬಿಡುತ್ತಿರುವುದು ಜಾಲವನ್ನೋ, ಕ್ರೋಧ ಮಾನಗಳನ್ನೋ? ಹೊಸ ಅಂಗಳದಲ್ಲಿ ಹತ್ತೇ ಜನ ಕೇಳಿದರೂ ಮಾತು ಹಿತವಾಗಿ, ಮಿತವಾಗಿ ಹೊರಡುವುದಾದರೆ ಅದು ನಿಜವಾದ ತ್ಯಾಗ. ಅಲ್ಲಿಯೂ ಎಣಿಕೆಯೇ ಮುಂದುವರಿದರೆ ಬದಲಾದದ್ದು ವಿಳಾಸ ಮಾತ್ರ.