ಸೈಕಲ್ಲಿನ ಹಿಂದಿನ ಸ್ಪ್ರಿಂಗ್: ಕೊಳ್ಳುವ ಮುನ್ನ

ಪರೀಕ್ಷೆಯ ಫಲಿತಾಂಶ ಬಂದಿದೆ. ಒಳ್ಳೆಯ ಅಂಕ ತೆಗೆದರೆ ಸೈಕಲ್ ಕೊಡಿಸುತ್ತೇನೆಂದು ಮಾತು ಕೊಟ್ಟಿದ್ದ ತಂದೆ ಮಗನೊಂದಿಗೆ ಅಂಗಡಿಯಲ್ಲಿ ನಿಂತಿದ್ದಾರೆ. "ಅಪ್ಪಾ, ಮುಂದೆ ಹಿಂದೆ ಎರಡೂ ಕಡೆ ಸ್ಪ್ರಿಂಗ್ ಇರೋದೇ ಬೇಕು" ಎಂದು ಮಗನ ಹಟ. ಸೀಟಿನ ಕೆಳಗಿರುವ ಕೆಂಪು ಬಣ್ಣದ ದಪ್ಪ ಸ್ಪ್ರಿಂಗ್ ನೋಡಿದರೆ ಮೋಟಾರ್ ಸೈಕಲ್ಲೇ ನೆನಪಾಗುತ್ತದೆ. ಹುಡುಗನ ಕಣ್ಣು ಸ್ಪ್ರಿಂಗಿನ ಮೇಲೆ, ತಂದೆಯ ಕಣ್ಣು ಬೆಲೆಯ ಚೀಟಿಯ ಮೇಲೆ. ಇಬ್ಬರೂ ಕೇಳದೆ ಬಿಟ್ಟ ಪ್ರಶ್ನೆ ಒಂದಿದೆ: ಆ ಸ್ಪ್ರಿಂಗಿನ ನಡುವಿನ ಕೊಳವೆಯಲ್ಲಿ ಎಣ್ಣೆ ಇದೆಯೇ?

ಗುಡ್ಡಗಾಡಿನ ಸೈಕಲ್ಲು, ಅಂದರೆ ಮೌಂಟನ್ ಬೈಕ್, ಹುಟ್ಟಿದಾಗ ಅದಕ್ಕೆ ಸ್ಪ್ರಿಂಗೇ ಇರಲಿಲ್ಲ. 1970ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ತಮಲ್ಪೈಸ್ ಬೆಟ್ಟದಲ್ಲಿ ಯುವಕರು ದಪ್ಪ ಟೈರಿನ ಹಳೆಯ ಸೈಕಲ್ಲುಗಳನ್ನು ಇಳಿಜಾರಿನಲ್ಲಿ ಓಡಿಸುತ್ತ ಶುರುಮಾಡಿದ ಆಟ ಇದು. 1990ರಲ್ಲಿ ಕೊಲರಾಡೋದ ಡುರಾಂಗೋದಲ್ಲಿ ಮೊದಲ ಅಧಿಕೃತ ವಿಶ್ವ ಸ್ಪರ್ಧೆ ನಡೆಯುವ ಹೊತ್ತಿಗೆ ಮುಂದಿನ ಫೋರ್ಕಿಗೆ ಶಾಕ್ ಅಬ್ಸಾರ್ಬರ್ ಬಂದಿತ್ತು. ಹಿಂದಿನ ಚಕ್ರದ ಕತೆ ಅಷ್ಟು ಸುಲಭವಲ್ಲ. ಸವಾರನ ಭಾರದ ಹೆಚ್ಚು ಪಾಲು ಅದರ ಮೇಲಿದೆ. ಚೈನು ಎಳೆಯುವುದೂ ಅದನ್ನೇ.

ಸ್ಪ್ರಿಂಗನ್ನು ಎಷ್ಟು ಒತ್ತಿದರೆ ಅಷ್ಟು ಬಲದಿಂದ ಅದು ಹಿಂದಕ್ಕೆ ತಳ್ಳುತ್ತದೆ. ರಾಬರ್ಟ್ ಹುಕ್ 1678ರಲ್ಲಿ ಪ್ರಕಟಿಸಿದ ಈ ನಿಯಮವನ್ನು ಪ್ರೌಢಶಾಲೆಯ ಮಕ್ಕಳೆಲ್ಲ ಓದಿರುತ್ತಾರೆ. ಗುಂಡಿಗೆ ಬಿದ್ದಾಗ ಸ್ಪ್ರಿಂಗ್ ಪೆಟ್ಟನ್ನು ನುಂಗುವುದಿಲ್ಲ, ಸಾಲವಾಗಿ ಪಡೆಯುತ್ತದೆ ಅಷ್ಟೆ. ಮರುಕ್ಷಣವೇ ಸೀಟಿನ ಮೂಲಕ ಹಿಂದಿರುಗಿಸುತ್ತದೆ. ಆ ಶಕ್ತಿಯನ್ನು ಕರಗಿಸಬೇಕಾದರೆ ಎಣ್ಣೆ ಬೇಕು. ಕೊಳವೆಯೊಳಗಿನ ಎಣ್ಣೆ ಸಣ್ಣ ರಂಧ್ರಗಳ ಮೂಲಕ ನುಸುಳುವಾಗ ಶಕ್ತಿಯ ಬಹುಪಾಲು ಉಷ್ಣವಾಗಿ ಹೋಗುತ್ತದೆ. ಇದೇ ಡ್ಯಾಂಪರ್. ಬ್ಯಾಂಕಿನ ಬಾಗಿಲು ಬಿಟ್ಟ ಕೂಡಲೇ ಧಡಾರನೆ ಬಡಿಯದೆ ಮೆಲ್ಲಗೆ ಮುಚ್ಚಿಕೊಳ್ಳುವುದೂ ಇಂಥದೇ ಎಣ್ಣೆಯಿಂದ.

ಅಗ್ಗದ ಸೈಕಲ್ಲುಗಳ ಹಿಂದಿನ ಶಾಕ್‌ನಲ್ಲಿ ಅನೇಕ ವೇಳೆ ಎಣ್ಣೆಯೇ ಇರುವುದಿಲ್ಲ. ಕಂಡುಹಿಡಿಯುವುದು ಸುಲಭ. ದೊಡ್ಡವರೊಬ್ಬರು ಸೀಟಿನ ಮೇಲೆ ಪೂರ್ತಿ ಭಾರ ಹಾಕಿ ಒತ್ತಿ, ಥಟ್ಟನೆ ಕೈ ಬಿಡಬೇಕು. ಸೀಟು ಚಂಗನೆ ನೆಗೆದು ಕುಣಿದರೆ ಅದು ಬರೀ ಸ್ಪ್ರಿಂಗ್. ಮೆಲ್ಲಗೆ ಎದ್ದು ನಿಂತರೆ ಎಣ್ಣೆ ಇದೆ.

ಇನ್ನು ಸ್ಪ್ರಿಂಗಿನ ಮೇಲೆ ಅಚ್ಚಾಗಿರುವ ಸಂಖ್ಯೆ. 750 ಎಂದಿದ್ದರೆ ಅದನ್ನು 1 ಅಂಗುಲ ಕುಗ್ಗಿಸಲು 750 ಪೌಂಡು, ಅಂದರೆ ಸುಮಾರು 340 ಕಿಲೋ ಭಾರ ಬೇಕು. ಸಂಖ್ಯೆ ದೊಡ್ಡದಾದಷ್ಟೂ ಗಟ್ಟಿ ಎಂದು ಹುಡುಗರು ಹಿಗ್ಗುವುದುಂಟು. ಸ್ವಲ್ಪ ಲೆಕ್ಕ ಹಾಕಬಹುದು. 40 ಕಿಲೋ ತೂಕದ ಹುಡುಗ ಕೂತಾಗ ಹಿಂದಿನ ಚಕ್ರಕ್ಕೆ ಸುಮಾರು 24 ಕಿಲೋ ಬೀಳುತ್ತದೆ ಎನ್ನೋಣ. ಚಕ್ರ 100 ಮಿಲಿಮೀಟರ್ ಮೇಲೆದ್ದಾಗ ಶಾಕ್ 40 ಮಿ.ಮೀ. ಕುಗ್ಗುವ ಚೌಕಟ್ಟಾದರೆ, ಸನ್ನೆಕೋಲಿನ ತತ್ತ್ವದಂತೆ ಶಾಕ್‌ನ ಮೇಲಿನ ಭಾರ ಎರಡೂವರೆ ಪಟ್ಟು, ಅಂದರೆ 60 ಕಿಲೋ. 750ರ ಸ್ಪ್ರಿಂಗ್ ಅದಕ್ಕೆ ಕುಗ್ಗುವುದು ಬರೀ 4.5 ಮಿ.ಮೀ. ಸವಾರ ಸುಮ್ಮನೆ ಕೂತಾಗಲೇ ಶಾಕ್ ತನ್ನ ಓಟದ ಶೇಕಡಾ 25ರಿಂದ 30ರಷ್ಟು ಕುಗ್ಗಬೇಕೆಂಬುದು ರೂಢಿ. ಆ ಲೆಕ್ಕದಲ್ಲಿ 40ರಲ್ಲಿ 12 ಮಿ.ಮೀ. ಕುಗ್ಗಬೇಕು, ಈ ಹುಡುಗನಿಗೆ ಬೇಕಾದದ್ದು ಸುಮಾರು 280ರ ಸ್ಪ್ರಿಂಗ್! ಕೆಂಪು ಸ್ಪ್ರಿಂಗ್ ಅವನ ಪಾಲಿಗೆ ಒಂದು ಕಬ್ಬಿಣದ ಗುಂಡು ಮಾತ್ರ. ಅಂಗಡಿಯಲ್ಲೇ ಅಳೆದು ನೋಡಬಹುದು. ಕಂಪಾಸ್ ಪೆಟ್ಟಿಗೆಯ ಅಳತೆಪಟ್ಟಿಯಿಂದ ಶಾಕ್‌ನ ಮೇಲಿನ ಬೋಲ್ಟಿನಿಂದ ಕೆಳಗಿನ ಬೋಲ್ಟಿನವರೆಗಿನ ಉದ್ದವನ್ನು, ಹುಡುಗ ಕೂರುವ ಮೊದಲು ಒಮ್ಮೆ, ಕೂತ ಮೇಲೆ ಒಮ್ಮೆ ಅಳೆದರಾಯಿತು.

ಬೆಳೆಯುವ ಮಕ್ಕಳಿಗೆ ಇನ್ನೊಂದು ತೊಡಕು. ಇಂದು 40 ಕಿಲೋ ಇರುವವನು ಮೂರು ವರ್ಷದಲ್ಲಿ 60 ಆಗಬಹುದು. ಲೋಹದ ಸುರುಳಿಯಾದರೆ ಆಗ ಸ್ಪ್ರಿಂಗನ್ನೇ ಬದಲಿಸಬೇಕು. ಗಾಳಿಯ ಶಾಕ್‌ನಲ್ಲಿ ಒತ್ತಡ ಏರಿಸಿದರೆ ಸಾಕು. ಚಕ್ರಕ್ಕೆ ಗಾಳಿ ತುಂಬುವ ಪಂಪು ಮಾತ್ರ ಇದಕ್ಕೆ ಆಗದು, ಬೇರೆಯದೇ ಬೇಕು. ಗಾಳಿಯದು ಹಗುರವೂ ಹೌದು. ಆದರೆ ಸೀಲುಗಳನ್ನು ಸುಮಾರು 50 ಗಂಟೆ ಸವಾರಿಗೊಮ್ಮೆ ಶುಚಿಮಾಡಿ ಎಣ್ಣೆ ಹಾಕಬೇಕಾಗುತ್ತದೆ. ಆ ಕೆಲಸ ಬಲ್ಲ ಮೆಕ್ಯಾನಿಕ್ ಊರಿನಲ್ಲಿ ಇದ್ದಾನೆಯೇ ಎಂದು ವಿಚಾರಿಸದೆ ಹಣ ಕೊಡಬಾರದು.

ಹಿಂದಿನ ಚಕ್ರವನ್ನು ಚೌಕಟ್ಟಿಗೆ ಜೋಡಿಸುವ ಕೀಲುಗಳಲ್ಲೂ ಬಗೆಗಳಿವೆ. ಒಂದೇ ಕೀಲಿನದು ಬಾಗಿಲಿನ ಹಾಗೆ. ಸರಳ, ಸವೆಯುವ ಭಾಗ ಕಡಿಮೆ. ಏರಿನಲ್ಲಿ ಜೋರಾಗಿ ತುಳಿದಾಗ ಸೀಟು ಮೇಲೆ ಕೆಳಗೆ ತೂಗುವುದು, ಬ್ರೇಕ್ ಹಿಡಿದಾಗ ಹಿಂಭಾಗ ಬಿಗಿಯುವುದು ಇದರ ಸಾಮಾನ್ಯ ದೂರು. ಆಸ್ಟ್ರಿಯಾ ಮೂಲದ ಹಾರ್ಸ್ಟ್ ಲೈಟ್ನರ್ ಹಿಂದಿನ ಅಚ್ಚಿನ ಮುಂಭಾಗದಲ್ಲೇ ಇನ್ನೊಂದು ಕೀಲು ಇಟ್ಟು ನಾಲ್ಕು ತೋಳಿನ ಜೋಡಣೆ ಮಾಡಿದರು. ಬ್ರೇಕಿನ ತೊಂದರೆ ಇದರಲ್ಲಿ ಬಹಳ ತಗ್ಗಿತು. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಚೆಕ್ ಗಣರಾಜ್ಯದ ಯಾರೋಸ್ಲಾವ್ ಕುಲ್ಹಾವಿ ಚಿನ್ನ ಗೆದ್ದದ್ದು ಎರಡೂ ಚಕ್ರಕ್ಕೆ ಶಾಕ್ ಇದ್ದ ಸೈಕಲ್ಲಿನಲ್ಲೇ. ಆದರೆ ಕೀಲು ಹೆಚ್ಚಿದಷ್ಟೂ ಬೇರಿಂಗುಗಳು ಹೆಚ್ಚು. ಮಳೆಗಾಲದ ಕೆಸರು ಅವುಗಳ ಶತ್ರು. ವಿದ್ಯಾರ್ಥಿಗೆ, ನಿಜವಾದ ಡ್ಯಾಂಪರ್ ಇದ್ದರೆ, ಒಂದು ಕೀಲಿನದೇ ಧಾರಾಳವಾಯಿತು. ಹಳೆಯದನ್ನು ಕೊಳ್ಳುವವರು ಚೌಕಟ್ಟನ್ನು ಭದ್ರವಾಗಿ ಹಿಡಿದು ಹಿಂದಿನ ಚಕ್ರವನ್ನು ಅಡ್ಡಡ್ಡ ಅಲ್ಲಾಡಿಸಿ ನೋಡಲಿ; ಲೊಟಲೊಟ ಎಂದರೆ ಚಕ್ರದ ಬೇರಿಂಗೋ ಚೌಕಟ್ಟಿನ ಕೀಲೋ ಸವೆದಿದೆ.

ಒಳ್ಳೆಯ ಡ್ಯಾಂಪರಿನ ಹಿಂದಿನ ಶಾಕ್ ದುಬಾರಿ. ಬೆಲೆ ಕಡಿಮೆಯಿದ್ದೂ ಎರಡು ಕಡೆ ಸ್ಪ್ರಿಂಗ್ ಇದೆಯೆಂದರೆ ಬ್ರೇಕು, ಗೇರು, ರಿಮ್ಮುಗಳಲ್ಲಿ ಎಲ್ಲೋ ಒಂದು ಕಡೆ ಕೈ ಬಿಗಿಹಿಡಿದಿರುತ್ತಾರೆ. ಮೇಲೆ ಎರಡು ಮೂರು ಕಿಲೋ ಹೆಚ್ಚು ತೂಕ. ಪುಸ್ತಕದ ಚೀಲ ಹೊತ್ತು ಏರು ಹತ್ತುವ ಹುಡುಗನ ಕಾಲಿಗೇ ಅದರ ಹೊರೆ. ಕಲ್ಲುಬಂಡೆಯ ಕಾಡುದಾರಿಯಲ್ಲಿ ವಾರವಾರವೂ ಓಡಿಸುವ ಹುಚ್ಚಿದ್ದರೆ ಮಾತು ಬೇರೆ. ಆಗ ಒಂದು ವರ್ಷ ಕಾದು ಹಣ ಕೂಡಿಸಿದರೂ ತಪ್ಪಲ್ಲ. ಶಾಲೆಯ ದಾರಿಗೆ ದಪ್ಪ ಟೈರಿನಲ್ಲಿ ಗಾಳಿ ಒಂದಿಷ್ಟು ಇಳಿಸಿದರೆ ಅದೇ ಸ್ಪ್ರಿಂಗ್.

ಅಂಗಡಿಯಲ್ಲಿ ತಂದೆ ಕೆಂಪು ಸ್ಪ್ರಿಂಗಿನ ಸೈಕಲ್ಲಿನ ಸೀಟನ್ನು ಬಲವಾಗಿ ಒತ್ತಿ ಬಿಟ್ಟರು. ಅದು ಚಂಗನೆ ನೆಗೆಯಿತು. "ಇನ್ನೊಂದ್ಸಲ ಒತ್ತಿ ಅಪ್ಪಾ" ಎಂದ ಮಗ, ಈ ಸಲ ಬಗ್ಗಿ ಕೊಳವೆಯನ್ನೇ ನೋಡುತ್ತ.