ಹೊಸ ಹವಳವನ್ನು ಗಾಜಿನ ತೊಟ್ಟಿಗೆ ಒಗ್ಗಿಸುವ ಬಗೆ

ಹವಳವೆಂದರೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ತಾಯಿಯ ಕೊರಳಿನ ಕೆಂಪು ಮಣಿ. ಅದೂ ಸಮುದ್ರದ್ದೇ ಆದರೂ ಇಲ್ಲಿ ನಾವು ಬರೆಯುತ್ತಿರುವುದು ಅದರ ಮಾತಲ್ಲ. ಮುಂಬಯಿಯ ದವಾಖಾನೆ, ಕಚೇರಿ, ಬಂಗಲೆಗಳ ಹಜಾರದಲ್ಲಿ ನೀಲಿ ದೀಪದ ಕೆಳಗೆ ಉಪ್ಪುನೀರಿನ ಗಾಜಿನ ತೊಟ್ಟಿ ಇಟ್ಟಿರುವುದನ್ನು ವಾಚಕರು ಕಂಡಿರಬಹುದು. ಅದರೊಳಗೆ ಕಲ್ಲಿನ ಮೇಲೆ ಹೂವಿನಂತೆ ಅರಳಿ ತೂಗುವ ಜೀವಂತ ಹವಳವೇ ನಮ್ಮ ವಿಷಯ. ತೊಟ್ಟಿ ಧನಿಗಳದು, ನೋಡಿಕೊಳ್ಳುವ ಕೆಲಸ ಮಾತ್ರ ನಮ್ಮಂಥವರ ಪಾಲಿಗೆ ಬರುತ್ತದೆ.

ನಮ್ಮ ವಾಚನಾಲಯಕ್ಕೆ ಸಂಜೆ ತಪ್ಪದೆ ಬರುವ ವಿಜಯಪುರದ ಕಡೆಯ ತರುಣರೊಬ್ಬರಿಗೆ ಆದದ್ದು ಹೀಗೆಯೇ. ಅವರು ಒಂದು ದವಾಖಾನೆಯಲ್ಲಿ ಜವಾನರು. ಧನಿಗಳು ಅಣಬೆಯ ಆಕಾರದ ಹೊಸ ಹವಳವೊಂದನ್ನು ತರಿಸಿ, ತೊಟ್ಟಿಗೆ ಬಿಡುವಂತೆ ಇವರಿಗೆ ಒಪ್ಪಿಸಿದರು. ಹದಿನೈದು ದಿನದೊಳಗೆ ಅದು ಬಿಳಿಚಿ, ಸುಕ್ಕುಗಟ್ಟಿ ಸತ್ತಿತು. ಅದರ ಬೆಲೆಯನ್ನು ಮುಂದಿನ ಪಗಾರದಲ್ಲಿ ಹಿಡಿದುಕೊಂಡರು. “ಅಂಗಡಿಯವ ಹೇಳಿದಂಗ ಹನಿ ಹನಿನೇ ನೀರ ಬಿಟ್ಟೇನ್ರೀ, ನಂದೇನ ತಪ್ಪೈತ್ರೀ?” ಎಂದು ಅವರು ಕೇಳಿದಾಗ ನಮ್ಮಲ್ಲಿ ಉತ್ತರವಿರಲಿಲ್ಲ. ಗಿರಣಿಯ ಲೆಕ್ಕ ಬರೆಯುವ ನಮಗೆ ಹವಳದ ಸಂಗತಿ ಎಲ್ಲಿಂದ ತಿಳಿಯಬೇಕು? ಪುಸ್ತಕಗಳನ್ನು ತಿರುವಿ, ತೊಟ್ಟಿ ಸಾಕಿ ಅನುಭವವಿದ್ದವರನ್ನು ಕೇಳಿ, ತಿಳಿದುದನ್ನು ಇಲ್ಲಿ ಇಡುತ್ತಿದ್ದೇವೆ.

ಹವಳ ಗಿಡವಲ್ಲ, ಕಲ್ಲೂ ಅಲ್ಲ, ಅದೊಂದು ಪ್ರಾಣಿ. ತೊಟ್ಟಿಯಲ್ಲಿ ಸಾಕುವ ಹೆಚ್ಚಿನ ಹವಳಗಳ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ವಾಸವಾಗಿರುತ್ತದೆ. ಹವಳ ಅದಕ್ಕೆ ಖೋಲಿ ಕೊಡುತ್ತದೆ. ಪಾಚಿಯು ಬೆಳಕಿನಿಂದ ಆಹಾರ ತಯಾರಿಸಿ ಬಾಡಿಗೆಯ ಬದಲು ಅದನ್ನೇ ಕೊಡುತ್ತದೆ. ಹವಳದ ಊಟದ ಬಹುಭಾಗ ಹೀಗೆ ಬರುವಂಥದು. ಬಿಸಿ ಹೆಚ್ಚಾದರೆ, ಬೆಳಕು ಮಿತಿಮೀರಿದರೆ, ಈ ಪಾಚಿಯೇ ಹವಳಕ್ಕೆ ವಿಷವಾಗುವ ವಸ್ತುಗಳನ್ನು ಹುಟ್ಟಿಸತೊಡಗುತ್ತದೆ. ಆಗ ಹವಳ ಬಾಡಿಗೆದಾರನನ್ನು ಹೊರಗೆ ಹಾಕುತ್ತದೆ. ಬಣ್ಣವೂ ಅದರೊಂದಿಗೇ ಹೋಗುತ್ತದೆ, ಅನ್ನವೂ ಹೋಗುತ್ತದೆ. ಬಿಳಿಚುವುದೆಂದರೆ ಇದೇ.

ಹೊಸ ಹವಳಕ್ಕೆ ಒಗ್ಗಬೇಕಾದವು ಮೂರು: ನೀರಿನ ಬಿಸಿ, ನೀರಿನ ಉಪ್ಪು, ಮೇಲಿನ ಬೆಳಕು. ಈ ಮೂರಕ್ಕೂ ಬೇಕಾಗುವ ಕಾಲ ಒಂದೇ ಅಲ್ಲ ಎಂಬುದನ್ನು ಅಂಗಡಿಯವರು ಸಾಮಾನ್ಯವಾಗಿ ಹೇಳುವುದಿಲ್ಲ.

ಬಿಸಿಯದು ನಿಮಿಷಗಳ ಕೆಲಸ. ತೊಟ್ಟಿಯ ದೀಪ ಆರಿಸಿ, ಚೀಲವನ್ನು ಬಿಚ್ಚದೆ ಹಾಗೆಯೇ ನೀರಿನ ಮೇಲೆ ಹದಿನೈದಿಪ್ಪತ್ತು ನಿಮಿಷ ತೇಲಬಿಟ್ಟರೆ ಒಳಗಿನ ನೀರೂ ಹೊರಗಿನ ನೀರೂ ಒಂದೇ ಹದಕ್ಕೆ ಬರುತ್ತವೆ. ತೊಟ್ಟಿಯ ನೀರು 24ರಿಂದ 27 ಡಿಗ್ರಿ ಸೆಂಟಿಗ್ರೇಡಿನೊಳಗೆ ಇರುವುದು ಒಳ್ಳೆಯದು. ಹಗಲು ಏ.ಸಿ. ಹಾಕಿ ರಾತ್ರಿ ಆರಿಸುವ ಕಡೆ ಇದರ ಮೇಲೆ ಕಣ್ಣಿರಬೇಕು.

ಉಪ್ಪಿನದು ಸುಮಾರು ಅರ್ಧ ತಾಸಿನಿಂದ ಒಂದು ತಾಸಿನ ಕೆಲಸ. ಒಂದು ಕಿಲೋ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಚೀಲದ ನೀರಿಗೂ ತೊಟ್ಟಿಯ ನೀರಿಗೂ ಇದರಲ್ಲಿ ವ್ಯತ್ಯಾಸವಿದ್ದರೆ, ಒಣದ್ರಾಕ್ಷಿ ನೀರಿನಲ್ಲಿ ಉಬ್ಬುವಂತೆ, ಉಪ್ಪು ಹಚ್ಚಿದ ಮಾವಿನಮಿಡಿ ಸುಕ್ಕುಗಟ್ಟುವಂತೆ, ಜೀವಕೋಶಗಳೊಳಗೆ ನೀರು ನುಗ್ಗುತ್ತದೆ, ಇಲ್ಲವೆ ಹೊರಗೆ ಹೋಗುತ್ತದೆ. ಮೀನಿಗಾದರೆ ಕಿವಿರು, ಮೂತ್ರಪಿಂಡಗಳಿವೆ, ಅದು ಸರಿಪಡಿಸಿಕೊಳ್ಳುತ್ತದೆ. ಹವಳಕ್ಕೆ ಅವಿಲ್ಲ. ಆದಕಾರಣ ಹವಳವನ್ನು ಚೀಲದ ನೀರಿನ ಸಮೇತ ಒಂದು ಬೋಗುಣಿಯಲ್ಲಿಟ್ಟು, ಸಲೈನ್ ಹಾಕುವಂಥ ಸಣ್ಣ ನಳಿಕೆಯಿಂದ ತೊಟ್ಟಿಯ ನೀರನ್ನು ಸೆಕೆಂಡಿಗೆ ಎರಡು ಮೂರು ಹನಿಯಂತೆ ಬಿಡತಕ್ಕದ್ದು. ನೀರು ಎರಡು ಪಾಲಾದಾಗ ಅರ್ಧ ಚೆಲ್ಲಿ ಇನ್ನೊಮ್ಮೆ ಬಿಟ್ಟರೆ ಸಾಕು. ಇನ್ನೂ ಒಳ್ಳೆಯದಾಗಲೆಂದು ನಾಲ್ಕೈದು ತಾಸು ಎಳೆದರೆ ಬೋಗುಣಿಯ ನೀರು ತಣ್ಣಗಾಗಿ ಹೊಸ ತೊಂದರೆ ಹುಟ್ಟುತ್ತದೆ. ಕೊನೆಗೆ ಹವಳವನ್ನಷ್ಟೇ ಎತ್ತಿ ತೊಟ್ಟಿಗಿಡಬೇಕು. ಚೀಲದ ನೀರಿನಲ್ಲಿ ಹುಳ, ಹೊಲಸು ಇರಬಹುದಾದ್ದರಿಂದ ಅದು ಮೋರಿಗೆ.

ಬೆಳಕಿನದು ವಾರಗಳ ಕೆಲಸ. ನಮ್ಮ ಮಿತ್ರರ ಹವಳ ಹೋದದ್ದು ಇಲ್ಲಿಯೇ ಎಂದು ನಮ್ಮ ಅಭಿಪ್ರಾಯ. ಹನಿ ನೀರಿನಲ್ಲಿ ಅವರದೇನೂ ತಪ್ಪಿರಲಿಲ್ಲ. ಆದರೆ ಧನಿಗಳಿಗೆ ಚೆನ್ನಾಗಿ ಕಾಣಲಿ ಎಂದು ಅದನ್ನು ದೀಪದ ನೇರಕ್ಕೆ, ಎಲ್ಲಕ್ಕಿಂತ ಮೇಲಿನ ಕಲ್ಲಿನ ಮೇಲೆ ಕೂರಿಸಿದ್ದರು. ಪೆಟ್ಟಿಗೆಯ ಕತ್ತಲೆಯಲ್ಲಿ ಪ್ರಯಾಣ ಮಾಡಿ, ಅಂಗಡಿಯ ಮಂದ ಬೆಳಕಿನಲ್ಲಿ ಕೆಲವು ದಿನ ಕಳೆದ ಹವಳ ಅದು. ಮಂದ ಬೆಳಕಿನಲ್ಲಿರುವಾಗ ಒಳಗಿನ ಪಾಚಿ, ಸಿಕ್ಕ ಚೂರು ಬೆಳಕನ್ನೂ ಬಿಡದೆ ಹಿಡಿಯುವುದಕ್ಕಾಗಿ ತನ್ನ ಬಣ್ಣವನ್ನು ಹೆಚ್ಚಿಸಿಕೊಂಡಿರುತ್ತದೆ. ಅದರ ಮೇಲೆ ಒಮ್ಮೆಲೆ ಪ್ರಖರ ಬೆಳಕು ಬಿದ್ದರೆ ನುಂಗಲಾರದಷ್ಟನ್ನು ನುಂಗಿದಂತಾಗುತ್ತದೆ. ನೆರಳಿನ ಮಡಿಯಲ್ಲಿ ಬೆಳೆದ ಮೆಣಸಿನ ಸಸಿಯನ್ನು ಕಿತ್ತು ಬೇಸಗೆಯ ನಡುಹಗಲಿನಲ್ಲಿ ನೆಟ್ಟರೆ ಏನಾಗುವುದೆಂದು ನಮ್ಮ ಊರಿನ ರೈತರಿಗೆ ಹೇಳಿಕೊಡಬೇಕಾಗಿಲ್ಲ. ಹೊಸ ಹವಳ ಮೊದಲ ವಾರ ತೊಟ್ಟಿಯ ತಳದಲ್ಲಿ, ಒಂದು ಮೂಲೆಯಲ್ಲಿ ಇರಲಿ. ದೀಪ ತಗ್ಗಿಸಲು ಬರುವಂತಿದ್ದರೆ ತಗ್ಗಿಸಿರಿ. ಆಮೇಲೆ ವಾರಕ್ಕಿಷ್ಟೆಂದು ಮೂರು ನಾಲ್ಕು ವಾರಗಳಲ್ಲಿ ಮೇಲೇರಿಸಬಹುದು. ಅಣಬೆಯಂತಹವು ಮಂದ ಬೆಳಕಿನಲ್ಲೇ ಸುಖವಾಗಿರುವವು. ಅವನ್ನು ಮೇಲೇರಿಸುವ ಅಗತ್ಯವೇ ಇಲ್ಲ.

ತೊಟ್ಟಿಯ ನೀರು ಆರಿ ಇಳಿದಾಗ ಉಪ್ಪುನೀರು ತುಂಬುವವರುಂಟು. ಆವಿಯಾಗುವುದು ನೀರು ಮಾತ್ರ, ಉಪ್ಪು ಅಲ್ಲಿಯೇ ಉಳಿಯುತ್ತದೆ. ಆದ್ದರಿಂದ ಶುದ್ಧೀಕರಿಸಿದ ಸಿಹಿನೀರನ್ನೇ ಹಾಕಬೇಕು. ನಲ್ಲಿಯ ನೀರಿನಲ್ಲಿ ಕ್ಲೋರಿನ್ ಇರುವುದರಿಂದ ಅದು ಬೇಡ.

ಕೆಲಸದಲ್ಲಿರುವವರು ತಮ್ಮ ಹಿತಕ್ಕಾಗಿ ತಿಳಿದಿರಬೇಕಾದ ಎರಡು ಸಂಗತಿಗಳಿವೆ. ಸುಣ್ಣದ ಗೂಡು ಕಟ್ಟುವ ಕಲ್ಲುಹವಳಗಳನ್ನೆಲ್ಲ 2001ರಲ್ಲಿ, 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ, ಹುಲಿಯ ಸಾಲಿಗೆ, ಸೇರಿಸಲಾಯಿತು. ನಮ್ಮ ಸಮುದ್ರದಿಂದ ಅವನ್ನು ಕೀಳುವುದು, ಮಾರುವುದು ಅಪರಾಧ. ಶಿಕ್ಷೆ 3ರಿಂದ 7 ವರ್ಷದ ಸೆರೆಮನೆ. ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಹವಳಗಳಿಗೂ ಈ ರಕ್ಷಣೆಯುಂಟು. ಧನಿಗಳು “ಹೋಗಿ ಒಂದು ತುಂಡು ತೆಗೆದುಕೊಂಡು ಬಾ” ಎಂದರೆ, ಯಾವ ಜಾತಿಯದೆಂದು ಕೇಳಿಕೊಳ್ಳಿರಿ. ಧನಿಗಳ ಹೆಸರಿನಲ್ಲಿ ರಶೀದಿಯಿಲ್ಲದೆ ಯಾವುದನ್ನೂ ಕೈಯಲ್ಲಿ ಹಿಡಿದು ತರಬೇಡಿರಿ.

ಇನ್ನೊಂದು, ಪಾಲಿಥೋವಾ ಎಂಬ ಜಾತಿ. ಅಂಗಿಯ ಗುಂಡಿಗಳನ್ನು ಒತ್ತೊತ್ತಾಗಿ ಜೋಡಿಸಿದಂತೆ ಕಲ್ಲಿನ ಮೇಲೆ ಹಬ್ಬುತ್ತದೆ. ಇದರಲ್ಲಿ ಕೆಲವದರ ಮೈಯಲ್ಲಿ ಪಾಲಿಟಾಕ್ಸಿನ್ ಎಂಬ ಬಹು ಘೋರವಾದ ವಿಷವಿದೆ. ಕಲ್ಲನ್ನು ಶುಚಿಮಾಡಲು ಕುದಿಸಿದಾಗ, ಬಿಸಿನೀರು ಸುರಿದು ಉಜ್ಜಿದಾಗ, ಅದರ ಹಬೆ ಉಸಿರಿಗೆ ಹೋಗಿ ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದ ಪ್ರಸಂಗಗಳು ಪರದೇಶಗಳಲ್ಲಿ ಆಗಿವೆ. ತೊಟ್ಟಿಗೆ ಕೈಹಾಕುವ ಮೊದಲು ರಬ್ಬರಿನ ಕೈಗವಸು ಹಾಕಿಕೊಳ್ಳಿ, ಕೈಯಲ್ಲಿ ಗಾಯವಿದ್ದರೆ ಮುಟ್ಟಲೇಬೇಡಿ, ಕಣ್ಣಿಗೆ ಕನ್ನಡಕವಿರಲಿ. ಯಾರು ಹೇಳಿದರೂ ಕಲ್ಲನ್ನು ಬಿಸಿನೀರಿಗೆ ಹಾಕಕೂಡದು.

ನಮ್ಮ ಮಿತ್ರರ ದವಾಖಾನೆಗೆ ಮತ್ತೊಂದು ಅಣಬೆ ಹವಳ ಬಂದಿದೆ. ಈ ಸಲ ತಳದಲ್ಲೇ ಇಟ್ಟಿದ್ದಾರೆ. ಕೈಗವಸನ್ನು ಧನಿಗಳಿಂದಲೇ ಕೇಳಿ ಪಡೆದಿದ್ದಾರೆ. ಮೂರನೆಯ ವಾರ ನಡೆಯುತ್ತಿದೆ, ಬಣ್ಣ ಇನ್ನೂ ಹೋಗಿಲ್ಲವಂತೆ.